ಯೂಸುಫ್ ನೆಬಿಯವರ 14 ವರ್ಷದ ಲೆಕ್ಕ, ನಮ್ಮ 5 ವರ್ಷದ ಲೆಕ್ಕ

ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಪಳ್ಳಿ ಕಮಿಟಿಗಳಲ್ಲಿ ಒಂದು ಮನವಿ ಪತ್ರ ತಯಾರಾಗುತ್ತದೆ. ಕಬರಸ್ಥಾನಕ್ಕೆ ಆವರಣ ಗೋಡೆ, ಪಳ್ಳಿ ಎದುರಿನ ದಾರಿಗೆ ಇಂಟರ್‌ಲಾಕ್, ಜಂಕ್ಷನ್‌ಗೆ ಹೈಮಾಸ್ಟ್ ದೀಪ, ಆಗುವುದಾದರೆ ಒಂದು ಸಮುದಾಯ ಭವನ. ಅಭ್ಯರ್ಥಿ ಬರುತ್ತಾರೆ, ಚಾ ಕುಡಿಯುತ್ತಾರೆ, ಪತ್ರ ತೆಗೆದುಕೊಳ್ಳುತ್ತಾರೆ. "ಆಯ್ತು ಹಾಜಿಯಾರೇ, ಮಾಡುವ" ಎನ್ನುತ್ತಾರೆ. ಕೆಲವು ಆಗುತ್ತದೆ, ಉಳಿದದ್ದು ಮುಂದಿನ ಚುನಾವಣೆಯ ಪತ್ರಕ್ಕೆ ಸೇರುತ್ತದೆ.

ಈ ಬೇಡಿಕೆಗಳಲ್ಲಿ ತಪ್ಪಿಲ್ಲ. ಕತ್ತಲೆಯಲ್ಲಿ ಸುಬಹಿಗೆ ನಡೆದು ಬರುವ ವಯಸ್ಸಾದವರಿಗೆ ದೀಪ ಬೇಡವೇ? ಬೇಕು. ಆದರೆ ಆ ಪತ್ರದಲ್ಲಿ ಏನೇನು ಇರುವುದಿಲ್ಲ ಎಂದು ಒಮ್ಮೆ ನೋಡಿ. 20 ವರ್ಷ ಕಳೆದ ಮೇಲೆ ನಮ್ಮ ಊರಿಗೆ ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಇರುವುದಿಲ್ಲ. ಸುತ್ತ ಏಳುತ್ತಿರುವ ಫ್ಲ್ಯಾಟುಗಳ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಿರುವುದಿಲ್ಲ. ಸೇತುವೆ ಹಳತಾಯಿತು, ಅದನ್ನು ಯಾರು ಪರೀಕ್ಷೆ ಮಾಡುತ್ತಾರೆ ಎಂದೂ ಇರುವುದಿಲ್ಲ. ಅಂಥದ್ದೆಲ್ಲ ಡೆಲ್ಲಿಯವರು, ಬೆಂಗಳೂರಿನವರು, ಇಂಜಿನಿಯರುಗಳು ನೋಡಿಕೊಳ್ಳುವ ವಿಷಯ ಎಂದು ನಾವು ಬಿಟ್ಟುಬಿಟ್ಟಿದ್ದೇವೆ. ಒಂದು ದೇಶ ಮುಂದಿನ 30–50 ವರ್ಷಕ್ಕೆ ಏನು ಕಟ್ಟಬೇಕು ಎಂಬ ಲೆಕ್ಕದಲ್ಲಿ ನಮಗೂ ಮಾತಿದೆ, ಆ ಮಾತನ್ನು ನಾವು ಆಡುತ್ತಿಲ್ಲ ಎಂಬುದು ಈ ಬರಹದ ಅಭಿಪ್ರಾಯ.

ದೂರದ ಲೆಕ್ಕ ಹಾಕುವುದು ನಮಗೆ ಹೊಸತಲ್ಲ. ಅದು ನಮ್ಮ ಕುರ್‌ಆನಿನಲ್ಲಿಯೇ ಉಂಟು. ಮದ್ರಸದ ಸಣ್ಣ ತರಗತಿಯ ಮಕ್ಕಳಿಗೂ ಯೂಸುಫ್ ನೆಬಿ (ಅ.ಸ.) ಅವರ ಚರಿತ್ರೆ ಗೊತ್ತು. ಬಾವಿಗೆ ಎಸೆದದ್ದು, ಮಾರಾಟ ಆದದ್ದು, ಜೈಲಿಗೆ ಹೋದದ್ದು, ಕಡೆಗೆ ಅಣ್ಣಂದಿರನ್ನು ಕ್ಷಮಿಸಿದ್ದು, ಎಲ್ಲವನ್ನೂ ಹೇಳುತ್ತಾರೆ. ಆದರೆ ನಡುವೆ ಬರುವ ಅರಸನ ಕನಸಿನ ಭಾಗವನ್ನು ನಾವು ದೊಡ್ಡವರು ಸಹ ಬೇಗ ದಾಟಿಬಿಡುತ್ತೇವೆ. ಏಳು ಕೊಬ್ಬಿದ ಹಸುಗಳನ್ನು ಏಳು ಬಡಕಲು ಹಸುಗಳು ತಿನ್ನುತ್ತವೆ. ಯೂಸುಫ್ ನೆಬಿಯವರು ಆ ಕನಸಿನ ಅರ್ಥ ಹೇಳಿದ್ದು ಮಾತ್ರವಲ್ಲ, ಅದರ ಜೊತೆಗೇ ಒಂದು ದೇಶದ 14 ವರ್ಷದ ಯೋಜನೆಯನ್ನೂ ಹಾಕಿಕೊಟ್ಟರು.

ಆ ಯೋಜನೆಯನ್ನು ಸ್ವಲ್ಪ ಬಿಡಿಸಿ ನೋಡುವ. ಮೊದಲನೆಯದು, ಕೆಲಸ ಶುರುವಾಗುವುದು ಬರಗಾಲದಲ್ಲಿ ಅಲ್ಲ, ಸಮೃದ್ಧಿಯ ವರ್ಷಗಳಲ್ಲಿ. ಹೊಟ್ಟೆ ತುಂಬಿರುವಾಗಲೇ ಕೈ ಬಿಗಿ ಹಿಡಿಯಬೇಕು. ಎರಡನೆಯದು, ಕೂಡಿಡುವ ಕ್ರಮವನ್ನೂ ಹೇಳಿದರು. ತಿನ್ನಲು ಬೇಕಾದ ಸ್ವಲ್ಪವನ್ನು ಬಿಟ್ಟು ಉಳಿದ ಧಾನ್ಯವನ್ನು ತೆನೆಯಲ್ಲೇ ಇಡಿ ಎಂದರು. ತೆನೆಯಲ್ಲಿದ್ದರೆ ಕಾಳು ಬೇಗ ಹಾಳಾಗುವುದಿಲ್ಲ. ಮೂರನೆಯದು, ಬರದ ಕಾಲದಲ್ಲಿಯೂ ಎಲ್ಲವನ್ನೂ ತಿಂದು ಮುಗಿಸಬಾರದು, ಸ್ವಲ್ಪ ಕಾಪಾಡಿ ಇಡಬೇಕು. ನಾಲ್ಕನೆಯದು, ಉಗ್ರಾಣ ನೋಡಿಕೊಳ್ಳುವವನು ಕಾಯುವವನೂ ಆಗಿರಬೇಕು, ತಿಳಿದವನೂ ಆಗಿರಬೇಕು. ಬರೀ ಪ್ರಾಮಾಣಿಕ ಆದರೆ ಸಾಲದು, ಬರೀ ಬುದ್ಧಿವಂತ ಆದರೂ ಸಾಲದು.

ಇನ್ನೂ ಎರಡು ಸಂಗತಿ ಉಂಟು. ಯೂಸುಫ್ ನೆಬಿಯವರು ಈ ಸಲಹೆ ಕೊಟ್ಟದ್ದು ಜೈಲಿನ ಒಳಗಿದ್ದುಕೊಂಡು. ಮೊದಲು ನನ್ನನ್ನು ಬಿಡಿ, ಆಮೇಲೆ ಹೇಳುತ್ತೇನೆ ಎಂದು ಷರತ್ತು ಹಾಕಲಿಲ್ಲ. ಮತ್ತೆ, ಆ ಧಾನ್ಯ ಒಂದು ಕುಟುಂಬಕ್ಕೋ ಒಂದು ಸಮುದಾಯಕ್ಕೋ ಇಟ್ಟದ್ದಲ್ಲ. ಇಡೀ ಮಿಸ್ರ್ ದೇಶ ಉಂಡಿತು, ಹೊರಗಿನಿಂದ ಬಂದವರಿಗೂ ಅಳೆದು ಕೊಟ್ಟರು. ನಮಗೆ ಅನ್ಯಾಯ ಆಗಿದೆ, ಆದ್ದರಿಂದ ದೇಶದ ಲೆಕ್ಕ ನಮಗೆ ಬೇಡ ಎನ್ನುವವರು ಈ ಭಾಗವನ್ನು ಇನ್ನೊಮ್ಮೆ ಓದಬೇಕು.

ನಾಲ್ಕು ತಿಂಗಳ ಮಳೆ, ಎಂಟು ತಿಂಗಳ ಬದುಕು

ಈಗ ನಮ್ಮ ಊರಿಗೆ ಬರುವ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 4,000 ಮಿ.ಮೀ. ಹತ್ತಿರ ಮಳೆ ಬೀಳುತ್ತದೆ. ದೇಶದಲ್ಲಿ ಇಷ್ಟು ನೀರು ಕಾಣುವ ಜಿಲ್ಲೆಗಳು ಕಡಿಮೆ. ಹಾಗಿದ್ದೂ 2019ರ ಮೇ ತಿಂಗಳಲ್ಲಿ ಮಂಗಳೂರು ನಗರಕ್ಕೆ ಸರದಿ ಪ್ರಕಾರ ನೀರು ಬಿಟ್ಟರು. ಅದಕ್ಕೆ ಸರಿಯಾಗಿ ಒಂದು ವರ್ಷದ ಹಿಂದೆ, 2018ರ ಮೇ 29ರಂದು, ಅದೇ ನಗರ ಒಂದೇ ದಿನದ ಮಳೆಗೆ ಮುಳುಗಿತ್ತು. ರಸ್ತೆಯಲ್ಲಿ ಕಾರು ತೇಲಿದ್ದನ್ನು ನಾವೆಲ್ಲ ಮೊಬೈಲಿನಲ್ಲಿ ನೋಡಿದ್ದೇವೆ. ಒಂದು ಮೇಯಲ್ಲಿ ನೀರು ಹೆಚ್ಚಾಗಿ ತಾಪತ್ರಯ, ಇನ್ನೊಂದು ಮೇಯಲ್ಲಿ ನೀರಿಲ್ಲದೆ ತಾಪತ್ರಯ. ಇದಕ್ಕೆ ಆಕಾಶವನ್ನು ದೂರಿ ಪ್ರಯೋಜನ ಇಲ್ಲ. ಅಲ್ಲಾಹನು ಕೊಟ್ಟಿದ್ದಾನೆ, ಹಿಡಿದಿಡುವ ಪಾತ್ರೆಯನ್ನು ನಾವು ಸರಿಯಾಗಿ ಮಾಡಲಿಲ್ಲ.

ನಗರಕ್ಕೆ ನೀರು ಕೊಡುವ ತುಂಬೆಯನ್ನೇ ನೋಡಿ. ನೇತ್ರಾವತಿಗೆ ಅಡ್ಡಲಾಗಿದ್ದ ಹಳೆಯ ಕಿಂಡಿ ಅಣೆಕಟ್ಟು 4 ಮೀಟರಿನದ್ದು. ನಗರ ಬೆಳೆಯಿತು, ಅದು ಸಾಲದಾಯಿತು. ಹೊಸದನ್ನು 12 ಮೀಟರಿನ ಲೆಕ್ಕದಲ್ಲಿ ಕಟ್ಟಿದರು. ಆದರೆ ಅಷ್ಟು ನೀರು ನಿಂತರೆ ಯಾರ ತೋಟ ಮುಳುಗುತ್ತದೆ, ಅವರಿಗೆ ಎಷ್ಟು ಪರಿಹಾರ ಎಂಬ ಕೆಲಸ ಕಾಂಕ್ರೀಟಿನ ಜೊತೆಗೆ ನಡೆಯಲಿಲ್ಲ. ಹಾಗಾಗಿ ಮೊದಲು 5 ಮೀಟರ್, ಆಮೇಲೆ 6 ಮೀಟರ್ ಎಂದು ನೀರು ನಿಲ್ಲಿಸಿದರು. ಕಟ್ಟಿದ್ದು ದೊಡ್ಡ ಉಗ್ರಾಣ, ತುಂಬಿಸಿದ್ದು ಅರ್ಧ. ಗೋಡೆ ಕಟ್ಟುವುದನ್ನೇ ಯೋಜನೆ ಎಂದು ತಿಳಿದರೆ ಹೀಗಾಗುತ್ತದೆ. ಜಾಗ, ಹಣ, ಜನ, ಕಾಲ, ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಅದು ಯೋಜನೆ.

ತಾನು ಕಾಣದ ಬಂದರು

ನಮ್ಮ ಊರಿನಲ್ಲಿ ದೂರದ ಲೆಕ್ಕ ಹಾಕಿದವರು ಇರಲಿಲ್ಲ ಎಂದಲ್ಲ. ಮಂಗಳೂರಿನ ಹಳೆ ಬಂದರ್ ನಮ್ಮ ಹಿರಿಯರ ಅನ್ನದ ಬಟ್ಟಲು. ಬ್ಯಾರಿ ಎಂಬ ಹೆಸರೇ ವ್ಯಾಪಾರದಿಂದ ಬಂದದ್ದು ಎನ್ನುತ್ತಾರೆ. ಆದರೆ ಆ ಬಂದರ್ ಇದ್ದದ್ದು ನದಿ ಕಡಲು ಸೇರುವ ಅಳಿವೆಯಲ್ಲಿ. ಹೂಳು ತುಂಬುತ್ತಿತ್ತು, ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ. ಹಡಗು ಹೊರಗೆ ಕಡಲಿನಲ್ಲೇ ನಿಲ್ಲಬೇಕು, ಸರಕನ್ನು ದೋಣಿಯಲ್ಲಿ ಸಾಗಿಸಬೇಕು. ಮಳೆಗಾಲದಲ್ಲಿ ಅದೂ ಬಂದ್.

ಇದು ಹೀಗೇ ನಡೆದರೆ ಈ ಜಿಲ್ಲೆಗೆ ಭವಿಷ್ಯ ಇಲ್ಲ ಎಂದು ಕಂಡವರು ಸಂಸದರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರು. ಬಜ್ಪೆಯ ವಿಮಾನ ನಿಲ್ದಾಣ 1951ರಲ್ಲಿ ಶುರುವಾಯಿತು, ಸುರತ್ಕಲ್‌ನ ಇಂಜಿನಿಯರಿಂಗ್ ಕಾಲೇಜು 1960ರಲ್ಲಿ. ಪಣಂಬೂರಿನ ಸರ್ವಋತು ಬಂದರಿಗಾಗಿಯೂ ಅವರೇ ಬೆನ್ನು ಹಿಡಿದು ಓಡಾಡಿದರು. ಆದರೆ ಅವರು ತೀರಿಕೊಂಡದ್ದು 1965ರಲ್ಲಿ. ನವಮಂಗಳೂರು ಬಂದರು ದೊಡ್ಡ ಬಂದರು ಎಂದು ಘೋಷಣೆಯಾದದ್ದು 1974ರಲ್ಲಿ, ಪ್ರಧಾನಿ ಇಂದಿರಾ ಗಾಂಧಿಯವರು ಉದ್ಘಾಟಿಸಿದ್ದು 1975ರ ಜನವರಿಯಲ್ಲಿ. ಉದ್ಘಾಟನೆಯ ರಿಬ್ಬನ್ ಕಾಣಲು ಅವರು ಇರಲಿಲ್ಲ. ಅದರ ಫಲವನ್ನು ನಾವು ಉಣ್ಣುತ್ತಿದ್ದೇವೆ. ಆ ಬಂದರು ಇದ್ದದ್ದರಿಂದಲೇ ಗೊಬ್ಬರದ ಕಾರ್ಖಾನೆ ಬಂತು, ಕುದುರೆಮುಖದ ಅದಿರು ಹೊರಟಿತು, 1996ರಲ್ಲಿ ಎಂಆರ್‌ಪಿಎಲ್ ಸಂಸ್ಕರಣಾಗಾರ ನಡೆಯತೊಡಗಿತು. ಲಾರಿ, ಗೋಡೌನು, ಗ್ಯಾರೇಜು, ಹೋಟೆಲು ಎಂದು ಎಷ್ಟು ಬ್ಯಾರಿ ಮನೆಗಳ ಒಲೆ ಉರಿಯುವುದು ಅದರಿಂದ ಎಂದು ಲೆಕ್ಕ ಹಾಕಿ ನೋಡಿ.

ಆ ಬಂದರಿಗೆ ಬೆಲೆ ಕೊಟ್ಟವರನ್ನೂ ಮರೆಯಬಾರದು. ಕಾಟಿಪಳ್ಳ, ಕೃಷ್ಣಾಪುರ ಎಂಬ ಬಡಾವಣೆಗಳು ಹುಟ್ಟಿದ್ದೇ ಪಣಂಬೂರಿನ ಕಡೆ ಮನೆ, ಗದ್ದೆ ಬಿಟ್ಟುಕೊಟ್ಟ ಕುಟುಂಬಗಳಿಗಾಗಿ. ಅವರಲ್ಲಿ ನಮ್ಮವರೂ ಇದ್ದರು, ಮೊಗವೀರರೂ ಇದ್ದರು, ಎಲ್ಲ ಜಾತಿಯವರೂ ಇದ್ದರು. ದೇಶಕ್ಕಾಗಿ ಜಾಗ ಬಿಟ್ಟವನ ಮೊಮ್ಮಗನಿಗೆ ಆ ದೇಶದ ಬಂದರಿನಲ್ಲಿ ಏನು ಪಾಲು ಎಂಬುದು ಯೋಜನೆಯ ಮೊದಲ ಪುಟದಲ್ಲೇ ಇರಬೇಕಾದ ಪ್ರಶ್ನೆ. ನಮ್ಮಲ್ಲಿ ಅದು ಕೊನೆಯ ಪುಟಕ್ಕೆ ಹೋಗುತ್ತದೆ, ಕೆಲವೊಮ್ಮೆ ಕೋರ್ಟಿಗೆ ಹೋಗುತ್ತದೆ.

ಬಂದರು ಬಂದ ಮೇಲೆ ಅದಕ್ಕೆ ದಾರಿ ಬೇಕಲ್ಲ. ಹಾಸನ–ಮಂಗಳೂರು ರೈಲು ದಾರಿ ಪೂರ್ತಿಯಾದದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗೆ 55 ಕಿ.ಮೀ. ಘಾಟಿಯಲ್ಲಿ 57 ಸುರಂಗ, 109 ಸೇತುವೆ. ಇಷ್ಟು ಕಷ್ಟಪಟ್ಟು ಹಾಕಿದ ಹಳಿಯನ್ನು ಬ್ರಾಡ್‌ಗೇಜ್ ಮಾಡಲಿಕ್ಕೆಂದು 1996ರಲ್ಲಿ ಮುಚ್ಚಿದರು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ ಕರಾವಳಿಯ ಜನ ಬೆಂಗಳೂರಿಗೆ ಬಸ್ಸಿನಲ್ಲೇ ಶಿರಾಡಿ, ಚಾರ್ಮಾಡಿ ಎಂದು ಹೋದರು. ಒಂದು ಮಗು ಹುಟ್ಟಿ ಐದನೇ ತರಗತಿ ದಾಟುವಷ್ಟು ಕಾಲ.

ಅದೇ ಕಾಲದಲ್ಲಿ ಕೊಂಕಣ ರೈಲ್ವೆ ಬಂತು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸರು ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ, ಅದಕ್ಕೇ ಒಂದು ನಿಗಮ ಮಾಡಿದರು. ಇ. ಶ್ರೀಧರನ್ ಅದರ ಮೊದಲ ಮುಖ್ಯಸ್ಥರು. ಸುಮಾರು 740 ಕಿ.ಮೀ. ದಾರಿ, 90ಕ್ಕೂ ಹೆಚ್ಚು ಸುರಂಗ, ಸಣ್ಣದು ದೊಡ್ಡದು ಸೇರಿ ಸುಮಾರು 2,000 ಸೇತುವೆ. 1998ರ ಜನವರಿ 26ಕ್ಕೆ ಪೂರ್ತಿ ದಾರಿ ತೆರೆಯಿತು. ಎಂಟು ವರ್ಷದೊಳಗೆ ಇದು ಹೇಗಾಯಿತು? ಪ್ರತಿ ವರ್ಷದ ಬಜೆಟಿನಲ್ಲಿ ಎಷ್ಟು ಸಿಗುತ್ತದೆ ಎಂದು ಕಾಯುತ್ತಾ ಕೂರಲಿಲ್ಲ. ರೈಲ್ವೆ ಇಲಾಖೆ 51 ಪಾಲು, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6 ಎಂದು ಮೊದಲೇ ಬಂಡವಾಳ ಹಂಚಿಕೊಂಡರು, ಉಳಿದದ್ದಕ್ಕೆ ಬಾಂಡ್ ಎತ್ತಿದರು. ಕೆಲಸದ ಜಾಗದಲ್ಲೇ ತೀರ್ಮಾನ ಮಾಡುವ ಅಧಿಕಾರ ಕೊಟ್ಟರು. ಕಾಯುವವನು, ತಿಳಿದವನು, ಅವನ ಕೈಯಲ್ಲಿ ಉಗ್ರಾಣದ ಬೀಗದ ಕೈ. ಯೂಸುಫ್ ನೆಬಿಯವರ ಪಾಠವೇ ಅಲ್ಲವೇ ಇದು?

ಹೆಸರು ಬದಲಾಗುತ್ತದೆ, ಲೆಕ್ಕ ಬದಲಾಗುವುದಿಲ್ಲ

1951ರಿಂದ ನಮ್ಮ ದೇಶದಲ್ಲಿ ಪಂಚವಾರ್ಷಿಕ ಯೋಜನೆ ಇತ್ತು. 12ನೆಯದು 2017ಕ್ಕೆ ಮುಗಿಯಿತು. ಯೋಜನಾ ಆಯೋಗ ಹೋಗಿ 2015ರಲ್ಲಿ ನೀತಿ ಆಯೋಗ ಬಂತು. 2019ರ ಕೊನೆಗೆ ರಾಷ್ಟ್ರೀಯ ಮೂಲಸೌಕರ್ಯ ಪೈಪ್‌ಲೈನ್ ಎಂದು ದೊಡ್ಡ ಪಟ್ಟಿ ಹೊರಟಿತು. ಮೊದಲು 102 ಲಕ್ಷ ಕೋಟಿ ರೂಪಾಯಿ, ಆಮೇಲೆ 111 ಲಕ್ಷ ಕೋಟಿ. 2021ರಲ್ಲಿ ಗತಿಶಕ್ತಿ ಬಂತು. ಬೇರೆ ಬೇರೆ ಇಲಾಖೆಗಳ ನಕ್ಷೆಯನ್ನು ಒಂದೇ ಕಡೆ ಇಟ್ಟು ನೋಡಬೇಕು, ಒಬ್ಬ ಹಾಕಿದ್ದನ್ನು ಇನ್ನೊಬ್ಬ ಅಗೆಯಬಾರದು ಎಂಬುದು ಅದರ ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ನಮ್ಮ ಬೀದಿಯಲ್ಲಿ ಇವತ್ತಿಗೂ ಕಾಂಕ್ರೀಟ್ ಹಾಕಿ ಎರಡು ತಿಂಗಳಿಗೆ ಪೈಪಿಗೆಂದು ಅಗೆಯುವುದು ನಿಂತಿಲ್ಲ.

ಪಟ್ಟಿ ದೊಡ್ಡದಿದ್ದರೆ ಸಾಲದು. ಪಟ್ಟಿಯ ಹಿಂದೆ ಇರುವ ಲೆಕ್ಕ ಐದು ವರ್ಷದ್ದೇ ಆಗಿದ್ದರೆ ಕೆಲಸವೂ ಅದೇ ಚಾಲಿನಲ್ಲಿ ನಡೆಯುತ್ತದೆ. ಪಂಪ್‌ವೆಲ್ ಫ್ಲೈಓವರ್ 2010ರಲ್ಲಿ ಶುರುವಾಗಿ ತೆರೆದದ್ದು 2020ರ ಜನವರಿ 31ಕ್ಕೆ. ಅದರ ಬಗ್ಗೆ ಬಂದ ತಮಾಷೆಗಳನ್ನು ನಾವೆಲ್ಲ ಫಾರ್ವರ್ಡ್ ಮಾಡಿದ್ದೇವೆ, ನಕ್ಕಿದ್ದೇವೆ. ನಗುವಿನ ನಡುವೆ ಒಂದು ಮಾತು ಕೇಳಲಿಲ್ಲ. ಆ ಹತ್ತು ವರ್ಷದಲ್ಲಿ ಅಲ್ಲಿ ವ್ಯಾಪಾರ ಕಳೆದುಕೊಂಡ ಸಣ್ಣ ಅಂಗಡಿಯವನ ನಷ್ಟ ಯಾವ ಲೆಕ್ಕದಲ್ಲಿ ಬರೆದಿದೆ?

ನಮ್ಮದೇ ಘಾಟಿಯ ಎತ್ತಿನಹೊಳೆ ಯೋಜನೆಯ ಅಂದಾಜು ವೆಚ್ಚ 2012ರಲ್ಲಿ 8,323 ಕೋಟಿ. 2014ರಲ್ಲಿ 12,912 ಕೋಟಿ. 2023ರಲ್ಲಿ 23,251 ಕೋಟಿ. ಕೋಲಾರ, ಚಿಕ್ಕಬಳ್ಳಾಪುರದ ಜನರ ಬಾಯಾರಿಕೆ ಸುಳ್ಳಲ್ಲ, ಅವರೂ ನಮ್ಮವರೇ. ಆದರೆ ಒಂದು ಮನೆ ಕಟ್ಟುವಾಗ ಮೇಸ್ತ್ರಿ 20 ಲಕ್ಷ ಎಂದು ಹೇಳಿ ಆಮೇಲೆ 55 ಲಕ್ಷ ಕೇಳಿದರೆ ನಾವು ಸುಮ್ಮನಿರುತ್ತೇವೆಯೇ? ಸಾರ್ವಜನಿಕ ಹಣ ಎಂದ ಕೂಡಲೇ ನಮ್ಮ ಲೆಕ್ಕದ ಬುದ್ಧಿ ಎಲ್ಲಿಗೆ ಹೋಗುತ್ತದೆ?

ಬೇರೆ ರೀತಿ ಆಗಲಿಕ್ಕೆ ಸಾಧ್ಯ ಎಂಬುದನ್ನು ನಮ್ಮ ಯುವಕರು ಕಣ್ಣಾರೆ ಕಂಡು ಬಂದಿದ್ದಾರೆ. ಸೌದಿಯ ಜುಬೈಲಿನಲ್ಲಿ ಕೆಲಸ ಮಾಡಿದವರು ಇಲ್ಲದ ಬ್ಯಾರಿ ಊರು ಉಂಟಾ? ಆ ಊರು ಮೊದಲು ಮೀನು ಹಿಡಿಯುವವರ ಸಣ್ಣ ಜಾಗ. 1975ರಲ್ಲಿ ಜುಬೈಲ್ ಮತ್ತು ಯಾಂಬು ಎರಡಕ್ಕೆ ಸೇರಿ ಒಂದು ರಾಯಲ್ ಕಮಿಷನ್ ಮಾಡಿದರು. ಎಣ್ಣೆ ಬಾವಿಗಳ ಹತ್ತಿರ ಸುಮ್ಮನೆ ಸುಟ್ಟು ಹೋಗುತ್ತಿದ್ದ ಗ್ಯಾಸನ್ನು ಕೂಡಿಸಿ ಕಾರ್ಖಾನೆ ನಡೆಸಬೇಕು, ಎಣ್ಣೆಯೊಂದನ್ನೇ ನಂಬಿ ಕೂರಬಾರದು ಎಂಬ ಲೆಕ್ಕ ಅದು. ಕಾರ್ಖಾನೆಯ ಜೊತೆಗೇ ಬಂದರು, ನೀರು, ಕರೆಂಟು, ರಸ್ತೆ, ವಸತಿಯನ್ನೂ ಒಂದೇ ನಕ್ಷೆಯಲ್ಲಿ ಹಾಕಿದರು. ಅಲ್ಲಿ ಎಣ್ಣೆಯ ಹಣ ಇತ್ತು, ಅರಸನ ಆಜ್ಞೆ ಇತ್ತು, ನಮ್ಮಲ್ಲಿ ಹಾಗಲ್ಲ, ಹಾಗೆ ಆಗುವುದೂ ಬೇಡ. ನಮ್ಮಲ್ಲಿ ಜನರನ್ನು ಕೇಳಿ ಮಾಡಬೇಕು. ಕಷ್ಟ ಏನೆಂದರೆ, ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ಕಟ್ಟಿದವರು ಹೋದರು, ಕಾಯುವವರು ಯಾರು?

ಎಲ್ಲಕ್ಕಿಂತ ಹೆಚ್ಚಾಗಿ ನಾವು ಮರೆಯುವುದು ದುರಸ್ತಿಯನ್ನು. 2018ರ ಜೂನಿನಲ್ಲಿ ಫಲ್ಗುಣಿ ನದಿಯ ಮೂಲರಪಟ್ಣ ಸೇತುವೆ ಕುಸಿದು ಬಿತ್ತು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಕುಸಿದು ಒಂದು ಲಾರಿ ಕೆಳಗೆ ಬಿತ್ತು. ಅದಕ್ಕೆ 41 ವರ್ಷ ಪ್ರಾಯ. ನದಿ ದಾಟುವ ಸೇತುವೆಗೆ 41 ವರ್ಷ ಎಂದರೆ ಮುದಿ ಪ್ರಾಯ ಅಲ್ಲ. ಕಟ್ಟಿದ ದಿನ ಕಲ್ಲಿನ ಫಲಕದಲ್ಲಿ ಹೆಸರು ಕೆತ್ತುತ್ತಾರೆ. ವರ್ಷ ವರ್ಷ ಅದರ ಕಂಬವನ್ನು ಇಳಿದು ನೋಡುವವನಿಗೆ ಫಲಕವೂ ಇಲ್ಲ, ಫಂಡೂ ಇಲ್ಲ.

ಈ ವಿಷಯದಲ್ಲಿ ನಮ್ಮ ಫಿಕ್ಹ್ ಕಿತಾಬುಗಳು ದೇಶಕ್ಕೇ ಪಾಠ ಹೇಳಬಲ್ಲವು. ವಕ್ಫ್ ಮಾಡಿದ ಸೊತ್ತಿನ ಆದಾಯವನ್ನು ಹೇಗೆ ಖರ್ಚು ಮಾಡಬೇಕು? ಮೊದಲು ಆ ಸೊತ್ತಿನ ದುರಸ್ತಿಗೆ, ಆಮೇಲೆ ಫಲಾನುಭವಿಗಳಿಗೆ. ಅದಕ್ಕಾಗಿಯೇ ನಮ್ಮ ಹಿರಿಯರು ಬಾವಿ ತೋಡಿಸಿ ಸುಮ್ಮನಾಗುತ್ತಿರಲಿಲ್ಲ, ಬಾವಿಯ ಹೆಸರಿನಲ್ಲಿ ನಾಲ್ಕು ತೆಂಗಿನ ಮರವನ್ನೂ ಬಿಟ್ಟುಕೊಡುತ್ತಿದ್ದರು. ಹಗ್ಗ, ರಾಟೆ, ಹೂಳೆತ್ತುವ ಖರ್ಚು ಅದರಿಂದ ನಡೆಯಬೇಕು. ಇದು ಸಣ್ಣ ಬುದ್ಧಿಯ ಮಾತಲ್ಲ. ಇವತ್ತು ದೊಡ್ಡ ದೊಡ್ಡ ಯೋಜನೆಗಳಲ್ಲಿ ಇಲ್ಲದ್ದು ಈ ನಾಲ್ಕು ತೆಂಗಿನ ಮರ.

ಹಜ್ಜಿಗೆ ಹೋದವರು ಐನ್ ಝುಬೈದಾ ಹೆಸರು ಕೇಳಿರಬಹುದು. ಖಲೀಫಾ ಹಾರೂನ್ ರಶೀದರ ಪತ್ನಿ ಝುಬೈದಾ ಬೀವಿ ಮಕ್ಕಾದ ನೀರಿನ ಬರ ಕಂಡು ಗುಡ್ಡಗಳ ನಡುವಿನಿಂದ ಕಾಲುವೆ ಮಾಡಿಸಿದರು. ಕೂಫಾದಿಂದ ಮಕ್ಕಾಕ್ಕೆ ಬರುವ ಮರುಭೂಮಿಯ ದಾರಿಯಲ್ಲಿ ಹಾಜಿಗಳಿಗಾಗಿ ಕೊಳ, ಬಾವಿ, ತಂಗುದಾಣ ಕಟ್ಟಿಸಿದರು. ಅವರು ತೀರಿಕೊಂಡದ್ದು ಕ್ರಿ.ಶ. 831ರಲ್ಲಿ. ಕಾಲುವೆ ಶತಮಾನಗಟ್ಟಲೆ ನೀರು ಕೊಟ್ಟಿತು. ಆದರೆ ತನ್ನಷ್ಟಕ್ಕೆ ಅಲ್ಲ. ಎಷ್ಟೋ ಸಲ ಹೂಳು ತುಂಬಿತು, ಒಡೆಯಿತು, ನಿಂತಿತು. ಮತ್ತೆ ಯಾರಾದರೂ ಬಂದು ದುರಸ್ತಿ ಮಾಡಿದರು. 16ನೇ ಶತಮಾನದಲ್ಲಿ ಸುಲ್ತಾನ್ ಸುಲೈಮಾನರ ಮಗಳು ಮಿಹ್ರಿಮಾ ತನ್ನ ಹಣ ಕೊಟ್ಟು ಬಂಡೆ ಕೊರೆಸಿ ಅದನ್ನು ಮಕ್ಕಾದವರೆಗೆ ತರಿಸಿದಳು. ಕಟ್ಟಿದವರ ಹೆಸರು ನಮಗೆಲ್ಲ ಗೊತ್ತು, ದುರಸ್ತಿ ಮಾಡಿದವಳ ಹೆಸರು ಎಷ್ಟು ಜನರಿಗೆ ಗೊತ್ತು? ಸ್ವದಖತುನ್ ಜಾರಿಯಾ ಎಂದರೆ ಹರಿಯುತ್ತಲೇ ಇರುವ ದಾನ. ಹರಿಯುತ್ತಲೇ ಇರಬೇಕಾದರೆ ಕಾಯುವವರು ಬೇಕು.

ಕೆಲವರು ಹೇಳುವುದುಂಟು

"ಉಸ್ತಾದರೇ, ಇವತ್ತಿನ ಊಟಕ್ಕೇ ಕಷ್ಟ ಇರುವಾಗ 50 ವರ್ಷದ ಮಾತು ಯಾಕೆ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ದೂರದ ಲೆಕ್ಕ ತಪ್ಪಿದಾಗ ಮೊದಲು ಪೆಟ್ಟು ತಿನ್ನುವವನು ಬಡವನೇ. ನಳ್ಳಿಯಲ್ಲಿ ನೀರು ಬಾರದಿದ್ದರೆ ಹಣ ಇದ್ದವರು ಟ್ಯಾಂಕರ್ ತರಿಸುತ್ತಾರೆ. ಬಾಡಿಗೆ ಮನೆಯ ಉಮ್ಮ ಕೊಡ ಹಿಡಿದು ನಿಲ್ಲುತ್ತಾಳೆ. ಘಾಟಿ ಕುಸಿದು ಶಿರಾಡಿ ಬಂದಾದರೆ ಕೆಲವರು ವಿಮಾನದಲ್ಲಿ ಹೋಗುತ್ತಾರೆ. ಬೆಂಗಳೂರಿನ ಆಸ್ಪತ್ರೆಗೆ ರೋಗಿಯನ್ನು ಕೊಂಡೊಯ್ಯುವ ಆಂಬುಲೆನ್ಸ್ ಚಾರ್ಮಾಡಿ ಸುತ್ತಿ ಹೋಗಬೇಕು.

"ನಮ್ಮ ಮಾತು ಯಾರು ಕೇಳುತ್ತಾರೆ? ಈಗಿನ ವಾತಾವರಣ ಹೀಗಿರುವಾಗ" ಎನ್ನುವವರೂ ಇದ್ದಾರೆ. ವಾತಾವರಣ ಹೇಗಿದೆ ಎಂದು ನಮಗೂ ಗೊತ್ತು. ಆದರೆ ನೀರು, ಚರಂಡಿ, ಸೇತುವೆಯ ಮಾತು ಎತ್ತಿದಾಗ ಪಕ್ಕದ ಮನೆಯ ಶೆಟ್ರು, ಪೂಜಾರಿಯವರು, ಪೊರ್ಬುಗಳು ನಮ್ಮ ಜೊತೆಗೇ ನಿಲ್ಲುತ್ತಾರೆ. ಅವರ ಬಾವಿಯೂ ಏಪ್ರಿಲಿಗೆ ಬತ್ತುತ್ತದೆ, ಅವರ ಅಂಗಳಕ್ಕೂ ಜುಲೈಯಲ್ಲಿ ಚರಂಡಿ ನೀರು ನುಗ್ಗುತ್ತದೆ. ಕಬರಸ್ಥಾನದ ಗೋಡೆಗೆ ನಾವು ಒಬ್ಬರೇ ಹೋಗಬೇಕು, ನೀರಿಗೆ ಇಡೀ ಊರೇ ಬರುತ್ತದೆ. ನೆರೆಹೊರೆಯವರ ಜೊತೆ ಒಂದೇ ಬೆಂಚಿನಲ್ಲಿ ಕೂರಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೇ?

ಹಾಗಾದರೆ ಏನು ಮಾಡುವುದು?

ದಾರಿಗಳು ಉಂಟು, ನಾವು ನಡೆಯುವುದಿಲ್ಲ ಅಷ್ಟೇ. ಗ್ರಾಮ ಸಭೆ ಕಾನೂನಿನ ಪ್ರಕಾರ ನಡೆಯಬೇಕಾದ ಸಭೆ. ನಮ್ಮವರು ಹೋಗುವುದು ಮನೆ ನಿವೇಶನದ ಪಟ್ಟಿ ಓದುವ ದಿನ ಮಾತ್ರ. ನಗರದಲ್ಲಿ ವಾರ್ಡ್ ಸಮಿತಿಗೆ ಕಾನೂನಿನಲ್ಲಿ ಜಾಗ ಉಂಟು. ನಗರದ ಮಾಸ್ಟರ್ ಪ್ಲಾನ್ ಮಾಡುವಾಗ ಕರಡು ಪ್ರಕಟಿಸಿ ಜನರ ಆಕ್ಷೇಪ ಕೇಳಬೇಕೆಂದು 1961ರ ಕಾಯ್ದೆಯೇ ಹೇಳುತ್ತದೆ. ದೊಡ್ಡ ಕಾರ್ಖಾನೆ, ಬಂದರಿನ ಯೋಜನೆಗಳಿಗೆ ಪರಿಸರದ ಸಾರ್ವಜನಿಕ ಅಹವಾಲು ಸಭೆ ಆಗಬೇಕು, ಅದಕ್ಕೆ ಕಡಿಮೆ ಎಂದರೆ 30 ದಿನ ಮೊದಲು ಪತ್ರಿಕೆಯಲ್ಲಿ ನೋಟಿಸ್ ಬರಬೇಕು. ಆ ನೋಟಿಸ್ ಬಂದ ಪುಟವನ್ನು ನಾವು ಮೀನು ಕಟ್ಟಲು ಉಪಯೋಗಿಸುತ್ತೇವೆ. ಜಮಾಅತಿನ ಒಬ್ಬ ಓದಿದ ಹುಡುಗನಿಗೆ ಇಂಥ ನೋಟಿಸ್ ನೋಡಿಡುವ ಜವಾಬ್ದಾರಿ ಕೊಟ್ಟರೆ ಖರ್ಚೇನೂ ಇಲ್ಲ. ಬೇಕಾದ ದಾಖಲೆ ಕೇಳಲು 2005ರ ಮಾಹಿತಿ ಹಕ್ಕು ಕಾಯ್ದೆ ಉಂಟು.

ಆ ಸಭೆಗಳಿಗೆ ನಮ್ಮ ಹೆಂಗಸರೂ ಹೋಗಬೇಕು. ಯಾವ ತಿಂಗಳು ಬಾವಿಯ ತಳ ಕಾಣುತ್ತದೆ, ಯಾವಾಗ ನೀರು ಉಪ್ಪಾಗುತ್ತದೆ, ನಳ್ಳಿ ಎಷ್ಟು ಗಂಟೆಗೆ ಬಂದು ಎಷ್ಟು ಗಂಟೆಗೆ ನಿಲ್ಲುತ್ತದೆ ಎಂಬ ಲೆಕ್ಕ ಅವರ ಬಾಯಲ್ಲೇ ಇರುತ್ತದೆ. ಯಾವ ಇಂಜಿನಿಯರಿನ ಫೈಲಿನಲ್ಲಿಯೂ ಅಷ್ಟು ಸರಿಯಾದ ಲೆಕ್ಕ ಸಿಗಲಿಕ್ಕಿಲ್ಲ. ಪರದೆಯಲ್ಲಿದ್ದುಕೊಂಡೇ ಅದನ್ನು ಹೇಳಬಹುದು. ಝುಬೈದಾ ಬೀವಿಗೆ ಇಲ್ಲದ ಅಡ್ಡಿ ನಮ್ಮ ಉಮ್ಮಂದಿರಿಗೆ ಯಾಕೆ?

ಪಿಯುಸಿ ಮುಗಿಸಿದ ಮಕ್ಕಳ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿದ ಹುಡುಗ ಗಲ್ಫಿನ ವೀಸಾ ಕಾಯುತ್ತಾನೆ. ಲೋಕೋಪಯೋಗಿ, ನೀರು ಸರಬರಾಜು, ನಗರ ಯೋಜನೆ ಇಲಾಖೆಗಳ ಪರೀಕ್ಷೆಗೆ ಕೂರುವವರು ಬೆರಳೆಣಿಕೆ. ಬೇರೆ ದೇಶದ ಊರು ಕಟ್ಟಲು ಬೆವರು ಸುರಿಸಿದ ಕೈಗಳು ನಮ್ಮವು. ಆ ಕೈಗಳ ಮಕ್ಕಳು ಈ ಊರಿನ ನಕ್ಷೆಯ ಮೇಜಿನ ಎದುರು ಕೂರಬೇಕು. ಜಮಾಅತುಗಳು ಕೊಡುವ ಸ್ಕಾಲರ್‌ಶಿಪ್ಪಿನಲ್ಲಿ ಒಂದೆರಡನ್ನು ಇದಕ್ಕೆಂದೇ ಇಡಲಿ.

ಮುಂದಿನ ಸಲ ಮನವಿ ಪತ್ರ ಬರೆಯುವಾಗ ಇಂಟರ್‌ಲಾಕ್, ದೀಪ ಎಲ್ಲ ಇರಲಿ. ಅದರ ಕೆಳಗೆ ಇನ್ನು ಮೂರು ಸಾಲು ಸೇರಿಸುವ. ಒಂದು, 20 ವರ್ಷದ ನಂತರ ಈ ಊರಿಗೆ ಎಷ್ಟು ನೀರು ಬೇಕು, ಅದು ಎಲ್ಲಿಂದ ಬರುತ್ತದೆ ಎಂಬ ಲೆಕ್ಕವನ್ನು ಜನರ ಮುಂದೆ ಇಡಿ. ಎರಡು, ಹೊಸ ಕಾಮಗಾರಿ ಮಂಜೂರು ಮಾಡುವ ದಿನವೇ ಅದರ ದುರಸ್ತಿಗೆ ವರ್ಷಕ್ಕೆ ಎಷ್ಟು ಹಣ, ಅದಕ್ಕೆ ಜವಾಬ್ದಾರಿ ಯಾರು ಎಂದು ಬರೆಯಿರಿ. ಮೂರು, ಜಾಗ ಬಿಡುವವರ ಪರಿಹಾರ ಮತ್ತು ಪುನರ್ವಸತಿ ಮುಗಿಯದೆ ಮೊದಲ ಕಲ್ಲು ಇಡಬೇಡಿ.

ಅಭ್ಯರ್ಥಿಗೆ ಈ ಮೂರು ಸಾಲು ಹೊಸತಾಗಿ ಕಾಣಬಹುದು. ಓದಿ ಮುಗಿಸುವ ತನಕ ಚಾ ತಣ್ಣಗಾಗಲಿ, ಇನ್ನೊಂದು ಕೊಡುವ. ಉತ್ತರ ಹೇಳದೆ ಎದ್ದರೆ, ಮುಂದಿನ ಸಲ ಬಂದಾಗ ಅದೇ ಪತ್ರವನ್ನು ತೆಗೆದಿಟ್ಟು ಕೇಳುವ.